ಸ್ಕಾಟ್‌ಲೆಂಡಿನ ಹಳೇ ಚಾಪ್‌ಬುಕ್ ಪ್ರೇಮಗೀತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಾಪ್‌ಬುಕ್ ಅಂದರೆ ಏನು?

ಒಂದು ಹಾಳೆ ಕಾಗದ, ಅಷ್ಟೇ. ಎರಡೂ ಬದಿ ಅಚ್ಚು ಹಾಕಿ, ಮಡಚಿ, ಎಂಟು ಪುಟ ಮಾಡಿದರೆ ಹಾಡಿನ ಚಾಪ್‌ಬುಕ್ ಆಯಿತು. ಕಥೆಯಾದರೆ 24 ಪುಟದವರೆಗೂ ಹೋಗುತ್ತಿತ್ತು. ರಟ್ಟಿಲ್ಲ, ಎಷ್ಟೋ ಸಲ ಹೊಲಿಗೆಯೂ ಇಲ್ಲ, ಕೊಂಡವರೇ ಅಂಚು ಕತ್ತರಿಸಿಕೊಳ್ಳಬೇಕು. ಬೆಲೆ ಒಂದು ಪೆನ್ನಿ, ಕೆಲವಕ್ಕೆ ಅರ್ಧ ಪೆನ್ನಿ. ನಮ್ಮಲ್ಲಿ ಟಾಕೀಸಿನ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಹೆಚ್ಚೂಕಮ್ಮಿ ಅದೇ ಜಾತಿ: ತೆಳ್ಳನೆ ಕಾಗದ, ಅಚ್ಚಿನ ತಪ್ಪು, ಆದರೆ ಕೊಂಡವರಿಗೆ ಜೀವ.

ಮೊದಲ ಪುಟದಲ್ಲಿ ಒಂದು ಮರದಚ್ಚಿನ ಚಿತ್ರ, ಅದರ ಮೇಲೆ 'ನಾಲ್ಕು ಅತ್ಯುತ್ತಮ ಹೊಸ ಹಾಡುಗಳು' ಅಂತ ಜಂಬದ ತಲೆಬರಹ. ಆ 'ಹೊಸ' ಹಾಡು ಅಜ್ಜನ ಕಾಲದ್ದೂ ಆಗಿರಬಹುದು. ವ್ಯಾಪಾರ ಅಂದಮೇಲೆ ಇದೆಲ್ಲ ಇದ್ದದ್ದೇ.

ಇವು ಯಾವ ಕಾಲದವು? ಎಲ್ಲಿ ಅಚ್ಚಾಗುತ್ತಿದ್ದವು?

17ನೇ ಶತಮಾನದಲ್ಲೇ ಶುರು. ಆದರೆ ನಿಜವಾದ ಸುಗ್ಗಿ ಅಂದರೆ 18ನೇ ಶತಮಾನದ ಕೊನೆಯ ಭಾಗ ಮತ್ತು 19ನೇ ಶತಮಾನದ ಮೊದಲ ಕೆಲವು ದಶಕ. ಗ್ಲಾಸ್ಗೋದ ಸಾಲ್ಟ್‌ಮಾರ್ಕೆಟ್ ಬೀದಿಯಲ್ಲಿ ರಾಬರ್ಟ್‌ಸನ್ ಅವರ ಅಚ್ಚುಕೂಟ, ಎಡಿನ್‌ಬರೋದ ಕೌಗೇಟ್‌ನಲ್ಲಿ ಮೋರೆನ್, ಸ್ಟರ್ಲಿಂಗ್‌ನಲ್ಲಿ ರ‍್ಯಾಂಡಲ್ ಮತ್ತು ಮ್ಯಾಕ್ನಿ, ಫಾಲ್ಕರ್ಕ್‌ನಲ್ಲಿ ಜಾನ್‌ಸ್ಟನ್. ಇವರೆಲ್ಲ ದೊಡ್ಡ ಪ್ರಕಾಶಕರೇನಲ್ಲ. ದೊಡ್ಡ ಊರಿನ ವಿದ್ವಾಂಸರಿಗಾಗಿ ಅಲ್ಲ, ಸುತ್ತಲಿನ ಹಳ್ಳಿಗಳಿಗಾಗಿ ಅಚ್ಚು ಹಾಕುತ್ತಿದ್ದವರು.

ಹಳ್ಳಿಯವರಿಗೆ ಓದಲು ಬರುತ್ತಿತ್ತಾ?

ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಜನಕ್ಕೆ ಬರುತ್ತಿತ್ತು. ಪ್ರತಿ ಪ್ಯಾರಿಷ್‌ಗೂ (ಒಂದು ಚರ್ಚಿಗೆ ಸೇರಿದ ಊರುಕೇರಿ) ಒಂದು ಶಾಲೆ ಇರಬೇಕು ಅಂತ 1696ರಲ್ಲೇ ಅಲ್ಲಿ ಕಾಯಿದೆ ಆಗಿತ್ತು. ಬೈಬಲ್ ಓದಲಿ ಅಂತ ಕಲಿಸಿದರು. ಕಲಿತವರು ಬೈಬಲ್ಲನ್ನೂ ಓದಿದರು, ಇದನ್ನೂ ಓದಿದರು. ಹೆಣ್ಣುಮಕ್ಕಳಲ್ಲಿ ಓದಲು ಬಂದು ಬರೆಯಲು ಬಾರದವರು ತುಂಬ ಇದ್ದರು. ಓದಲು ಬಾರದವರಿಗೂ ತೊಂದರೆ ಇರಲಿಲ್ಲ, ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಸಾಕು.

ಮಾರುತ್ತಿದ್ದವರು ಯಾರು?

ಚಾಪ್‌ಮನ್‌ಗಳು. ಬೆನ್ನ ಮೇಲೆ ಗಂಟು, ಕೈಯಲ್ಲಿ ಬುಟ್ಟಿ, ಅದರಲ್ಲಿ ಸೂಜಿ, ರಿಬ್ಬನ್, ಗುಂಡಿ, ಅವುಗಳ ನಡುವೆ ಹಾಡಿನ ಪುಸ್ತಕ. 'ಫ್ಲೈಯಿಂಗ್ ಸ್ಟೇಷನರ್ಸ್' ಅಂತಲೂ ಕರೆಯುತ್ತಿದ್ದರು, ಒಂದು ಕಡೆ ನಿಲ್ಲದೆ ಹಾರಾಡುವ ಪುಸ್ತಕದಂಗಡಿ ಇವರು. ಜಾತ್ರೆ, ಸಂತೆ ಇದ್ದ ಕಡೆ ಹಾಜರ್. ಅದರಲ್ಲೂ ಹೊಲಗೆಲಸದ ಆಳುಗಳನ್ನು ಆರು ತಿಂಗಳಿಗೆ ಗೊತ್ತು ಮಾಡಿಕೊಳ್ಳುವ ಸಂತೆಗಳು ಮೇ ಮತ್ತು ನವೆಂಬರ್‌ನಲ್ಲಿ ನಡೆಯುತ್ತಿದ್ದವು. ಅಲ್ಲಿ ಹುಡುಗರ ಕೈಯಲ್ಲಿ ಕಾಸಿರುತ್ತಿತ್ತು, ಹುಡುಗಿಯರೂ ಬಂದಿರುತ್ತಿದ್ದರು. ಪ್ರೇಮಗೀತೆ ಮಾರಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಈ ಲೋಕದ ಇಬ್ಬರ ಹೆಸರು ಹೇಳಲೇಬೇಕು. ಡೂಗಲ್ ಗ್ರಹಾಂ ಮೊದಲನೆಯವನು. ಗೂನು ಬೆನ್ನಿನ ಈತ 1745ರ ಜಾಕೊಬೈಟ್ ದಂಗೆಯ (ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ದಂಗೆ) ಸೈನ್ಯದ ಹಿಂದೆಯೇ ಅಲೆದು, ಮರುವರ್ಷವೇ ಅದರ ಚರಿತ್ರೆಯನ್ನು ಪದ್ಯದಲ್ಲಿ ಬರೆದು ಮಾರಿದ. ಆಮೇಲೆ ಗ್ಲಾಸ್ಗೋದಲ್ಲಿ ಗಂಟೆ ಬಾರಿಸಿ ಸುದ್ದಿ ಸಾರುವ ಕೆಲಸ ಹಿಡಿದ. 1779ರಲ್ಲಿ ತೀರಿಕೊಂಡ. ಜಾಕಿ ಮತ್ತು ಮ್ಯಾಗಿ ಎಂಬ ಜೋಡಿ ಮದುವೆಗೆ ಓಡಾಡುವ ಅವನ ಗದ್ಯದ ಚಾಪ್‌ಬುಕ್ ಎಷ್ಟು ಪೋಲಿ, ಎಷ್ಟು ನಿಜ ಅಂದರೆ, ಒಂದು ಕಡೆ ನಗುತ್ತಲೇ ಇನ್ನೊಂದು ಕಡೆ ಆ ಕಾಲದ ರೈತಮನೆಯ ಒಳಗೆ ಹೊಕ್ಕು ಬಂದಂತಾಗುತ್ತದೆ. ಎರಡನೆಯವನು ವಿಲಿಯಂ ಕ್ಯಾಮರಾನ್, ಜನ ಕರೆಯುತ್ತಿದ್ದದ್ದು 'ಹಾಕಿ' ಅಂತ. ಕಾಲು ಕುಂಟು, ಬಾಯಿ ಮಾತ್ರ ಚುರುಕು. ಗ್ಲಾಸ್ಗೋ ಬೀದಿಗಳಲ್ಲಿ ಮಾತಿನಿಂದಲೇ ಪುಸ್ತಿಕೆ ಮಾರಿ ಬದುಕಿದವನು. ಅವನ ಆತ್ಮಕಥೆ 1888ರಲ್ಲಿ, ಅಂದರೆ ಅವನು ಸತ್ತು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಪುಸ್ತಕವಾಯಿತು.

ಪ್ರೇಮಗೀತೆ ಅಂದಮೇಲೆ ಚಂದ್ರ, ಹೂವು, ವಿರಹ, ಅಷ್ಟೇ ತಾನೆ?

ಅದೂ ಇದೆ. 'ಮೇ ತಿಂಗಳ ಒಂದು ಬೆಳಗ್ಗೆ ಸುಮ್ನೆ ತಿರುಗಾಡಲು ಹೋದಾಗ' ಅಂತ ಶುರುವಾಗುವ ಹಾಡುಗಳನ್ನು ಓದಿ ಓದಿ ಸಾಕಾಗುತ್ತದೆ. ಆದರೆ ನನಗೆ ಹಿಡಿಸಿದ್ದು ಬೇರೆ. ಈ ಹಾಡುಗಳಲ್ಲಿ ಪ್ರೀತಿಯ ಪಕ್ಕದಲ್ಲೇ ಎತ್ತು, ಹಸು, ಕಂಬಳಿ, ವರದಕ್ಷಿಣೆ ಕೂತಿರುತ್ತವೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ.

'ಮ್ಯೂರ್‌ಲ್ಯಾಂಡ್ ವಿಲ್ಲಿ' ನೋಡಿ. ಕವಿ ಆ್ಯಲನ್ ರ‍್ಯಾಮ್ಸೆ 1724ರಲ್ಲಿ ಹೊರತಂದ ಸಂಗ್ರಹದಲ್ಲೇ ಇರುವ ಹಳೇ ಹಾಡು. ವಿಲ್ಲಿ ಕುದುರೆ ಏರಿ ಹೆಣ್ಣು ಕೇಳಲು ಬರುತ್ತಾನೆ. ಬಂದವನು ಹುಡುಗಿಯ ಕಣ್ಣು ಮೂಗು ಹೊಗಳುವುದಿಲ್ಲ. ಸೀದಾ ಅವಳ ಅಪ್ಪನ ಮುಂದೆ ಆಸ್ತಿ ಪಟ್ಟಿ ಬಿಚ್ಚುತ್ತಾನೆ: ನೇಗಿಲಿಗೆ ಮೂರು ಎತ್ತು, ಎರಡು ಒಳ್ಳೆ ಹೆಣ್ಣುಕುದುರೆ, ಒಡೆಯ ಕೊಟ್ಟಿರುವ, ಒಲೆಗೆ ಉರಿಸುವ ಪೀಟ್ ಮಣ್ಣು ಅಗೆಯುವ ಜಾಗ, ಉದ್ದನೆಯ ಕೋಸಿನ ಹಿತ್ತಲು. ಸುಳ್ಳು ಹೇಳುವವನು ನಾನಲ್ಲ ಅಂತ ನಡುವೆ ಒಂದು ಆಣೆ ಬೇರೆ. ಹುಡುಗಿ ನಾಚಿ ಕೆಂಪಾಗುತ್ತಾಳೆ, ಮಾತುಕತೆ ಕುದುರುತ್ತದೆ, ಮದುವೆ ಆಗುತ್ತದೆ. ಕೇಳುತ್ತಿದ್ದವರಿಗೆ ಇದು ತಮಾಷೆ. ಆದರೆ ತಮಾಷೆ ಹುಟ್ಟಿದ್ದು ಅವರು ದಿನಾ ನೋಡುತ್ತಿದ್ದ ವ್ಯವಹಾರದಿಂದ.

ಇನ್ನೊಂದು, 'ವೂಡ್ ಅಂಡ್ ಮ್ಯಾರೀಡ್ ಅಂಡ್ ಆ'. ಡೇವಿಡ್ ಹರ್ಡ್ 18ನೇ ಶತಮಾನದಲ್ಲೇ ಸಂಗ್ರಹಿಸಿದ ರೂಪ ನನಗೆ ಇಷ್ಟ. ಮದುವಣಗಿತ್ತಿ ಹೊರಗೆ ಬರುವುದು ಎಲ್ಲಿಂದ ಗೊತ್ತಾ? ದನದ ಕೊಟ್ಟಿಗೆಯಿಂದ. ಕೆನ್ನೆ ಒರೆಸಿಕೊಳ್ಳುತ್ತಾ, 'ಇವತ್ತು ರಾತ್ರಿ ನನ್ನ ಮದುವೆ, ಹೊದೆಯಲು ಕಂಬಳಿಯೂ ಇಲ್ಲ, ಹಾಸಲು ಬಟ್ಟೆಯೂ ಇಲ್ಲ' ಅಂತ ಅಳುತ್ತಾಳೆ. ಸಮಾಧಾನ ಸಿಗುತ್ತದಾ? ಇಲ್ಲ. ಅಮ್ಮ ಗದರುತ್ತಾಳೆ, ಏನೇ ನಿನ್ನ ಸೊಕ್ಕು, ನನ್ನ ಮದುವೆ ದಿನ ನನ್ನ ಜೇಬಿನಲ್ಲಿ ಚಿಕ್ಕಾಸೂ ಇರಲಿಲ್ಲ ಅಂತ. ಹಸು ಹೊಡೆದುಕೊಂಡು ಬಂದ ಅಣ್ಣ ಇನ್ನೂ ಒಂದು ಕೈ ಮುಂದೆ: ನನಗೆ ಗೊತ್ತಿರುವಷ್ಟು ನಿನ್ನ ವಿಷಯ ಗೊತ್ತಿದ್ದಿದ್ದರೆ ಪಾಪ ಆ ವಿಲ್ಲಿ (ಮದುಮಗ, ಇವನು ಬೇರೆ ವಿಲ್ಲಿ) ನಿನ್ನನ್ನು ಕಟ್ಟಿಕೊಳ್ಳುತ್ತಲೇ ಇರಲಿಲ್ಲ! ಅಣ್ಣಂದಿರು ಎಲ್ಲ ಕಾಲದಲ್ಲೂ ಹೀಗೇ ಅನ್ಸುತ್ತೆ.

ಅಪ್ಪ ಒಪ್ಪದಿದ್ದರೆ ಓಡಿಹೋಗುವುದೊಂದೇ ದಾರಿಯಾ?

ಇಲ್ಲಿ ಸ್ಕಾಟ್‌ಲೆಂಡಿನ ಕಾನೂನು ಗೊತ್ತಿಲ್ಲದಿದ್ದರೆ ಹಾಡುಗಳು ಅರ್ಧ ಮಾತ್ರ ಅರ್ಥವಾಗುತ್ತವೆ. ಇಂಗ್ಲೆಂಡಿನಲ್ಲಿ 1753ರ ಕಾಯಿದೆ ಬಂದಮೇಲೆ 21 ತುಂಬದವರ ಮದುವೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕಾಯಿತು. ಸ್ಕಾಟ್‌ಲೆಂಡಿಗೆ ಆ ಕಾಯಿದೆ ಅನ್ವಯಿಸಲಿಲ್ಲ. ಅಲ್ಲಿ ಹುಡುಗನಿಗೆ 14, ಹುಡುಗಿಗೆ 12 ಆಗಿದ್ದರೆ, ಇಬ್ಬರೂ 'ನಾವು ಗಂಡ ಹೆಂಡತಿ' ಅಂತ ಒಪ್ಪಿ ಹೇಳಿದರೆ ಕಾನೂನಿನ ಕಣ್ಣಲ್ಲಿ ಮದುವೆ ಆದಂತೆಯೇ. (ಆ ವಯಸ್ಸು ಕೇಳಿ ಈಗ ಮೈ ಜುಮ್ಮೆನ್ನುತ್ತದೆ. 1929ರಲ್ಲಿ ಅದನ್ನು 16ಕ್ಕೆ ಏರಿಸಿದರು.) ಇಂಗ್ಲೆಂಡಿನ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡಿ ಬರುತ್ತಿದ್ದದ್ದು ಇದಕ್ಕೇ. 1856ರಲ್ಲಿ, ಒಬ್ಬರಾದರೂ 21 ದಿನ ಸ್ಕಾಟ್‌ಲೆಂಡಿನಲ್ಲಿ ಇದ್ದಿರಬೇಕು ಅಂತ ಮಾಡಿ ಇದಕ್ಕೆ ಕಡಿವಾಣ ಹಾಕಿದರು. ಬರೀ ಮಾತಿನ ಮದುವೆ ಪೂರ್ತಿ ನಿಂತದ್ದು 1940ರಲ್ಲಿ.

ಅಂದರೆ ಸ್ಕಾಟಿಷ್ ಹಾಡಿನ ಅಪ್ಪನ ಕೈಯಲ್ಲಿ ಕಾನೂನಿಲ್ಲ. ಅವನಿಗೆ ಇರುವುದು ಎರಡೇ ಆಯುಧ, ಹಣದ ಚೀಲ ಮತ್ತು ಕೈ. ಅದಕ್ಕೇ ಈ ಹಾಡುಗಳಲ್ಲಿ ವರದಕ್ಷಿಣೆಯ ಮಾತೂ ಜಾಸ್ತಿ, ಹೊಡೆತವೂ ಜಾಸ್ತಿ.

ಹೊಡೆತ ಅಂದಿರಿ. ಅಷ್ಟು ಕ್ರೂರವಾದ ಹಾಡೂ ಇದೆಯಾ?

'ಆಂಡ್ರೂ ಲ್ಯಾಮಿ' ಓದಿ. 'ಮಿಲ್ ಆಫ್ ಟಿಫ್ಟೀಸ್ ಆನಿ' ಅಂತಲೂ ಹೆಸರಿದೆ. ಚಾಪ್‌ಬುಕ್ ಆಗಿ ಮತ್ತೆ ಮತ್ತೆ ಅಚ್ಚಾದದ್ದು. ಜಾಗ ಅಬರ್ಡೀನ್‌ಷೈರ್‌ನ ಫೈವಿ. ಆನಿ ಟಿಫ್ಟಿ ಗಿರಣಿಯ ಮಾಲೀಕನ ಮಗಳು, ಅನುಕೂಲಸ್ಥರು. ಆಂಡ್ರೂ ಲ್ಯಾಮಿ ಫೈವಿ ಕೋಟೆಯ ಒಡೆಯನ ಹತ್ತಿರ ಕಹಳೆ ಊದುವವನು. ಇಬ್ಬರಿಗೂ ಪ್ರೀತಿ. ಕಹಳೆಯವನಿಗೆ ಮಗಳನ್ನು ಕೊಡುವುದೇ ಅಂತ ಅಪ್ಪನಿಗೆ ಉರಿ, ನನ್ನ ಮಗಳಿಗೆ ನಿಮ್ಮವನು ಮಾಟ ಮಾಡಿಸಿದ್ದಾನೆ ಅಂತ ಒಡೆಯನಿಗೆ ಕಾಗದ ಬರೆಯುತ್ತಾನೆ. ಆಂಡ್ರೂ ಮದುವೆಯ ಉಡುಪು ಕೊಳ್ಳಲು ಎಡಿನ್‌ಬರೋಗೆ ಹೋಗುತ್ತಾನೆ. ಅವನು ಬರುವುದರೊಳಗೆ ಮನೆಯವರು ಸರದಿಯಲ್ಲಿ ಅವಳ ಮೇಲೆ ಬೀಳುತ್ತಾರೆ. ಅಪ್ಪ ಹೊಡೆಯುತ್ತಾನೆ, ಅಮ್ಮ ಹೊಡೆಯುತ್ತಾಳೆ, ತಂಗಿಯರು ಹಂಗಿಸುತ್ತಾರೆ, ಅಣ್ಣ ಬಾಗಿಲಿಗೆ ಬಡಿದು ಬೆನ್ನು ಮುರಿಯುತ್ತಾನೆ. ಸಾಯುವ ಮುಂಚೆ ಅವಳು ಕೇಳುವುದು ಒಂದೇ: ಹಾಸಿಗೆ ಹಾಸಿ ನನ್ನ ಮುಖ ಫೈವಿ ಕಡೆಗೆ ತಿರುಗಿಸಿ.

ಇದು ಬರೀ ಕಟ್ಟುಕಥೆಯಲ್ಲ ಅಂತ ಆ ಊರಿನವರು ನಂಬುತ್ತಾರೆ. ಫೈವಿ ಚರ್ಚಿನ ಅಂಗಳದಲ್ಲಿ ಆಗ್ನೆಸ್ ಸ್ಮಿತ್ ಎಂಬಾಕೆಯ ಸಮಾಧಿ ಇದೆ, ಸತ್ತ ವರ್ಷ 1673. ಇವಳೇ ಹಾಡಿನ ಆನಿ ಅನ್ನುತ್ತಾರೆ. ಫೈವಿ ಕೋಟೆಯ ಮೇಲೆ ಕಹಳೆ ಊದುವವನ ಕಲ್ಲಿನ ಬೊಂಬೆಯೂ ಇದೆ, ಟಿಫ್ಟಿ ಕಡೆ ಮುಖ ಮಾಡಿಕೊಂಡು. ಹಾಡಿನಲ್ಲಿರುವ ಎಲ್ಲ ವಿವರವೂ ನಡೆದದ್ದೇ ಅಂತ ನಾನು ವಾದಿಸುವುದಿಲ್ಲ. ಆದರೆ 'ಮನೆ ಮರ್ಯಾದೆ'ಗಾಗಿ ಹೆಣ್ಣುಮಕ್ಕಳನ್ನು ಕೊಲ್ಲುವ ಸುದ್ದಿ ಇನ್ನೂ ಓದುತ್ತಿರುವ ನಾವು, ಈ ಪದ್ಯವನ್ನು ದೂರದ ಹಳೇ ಕಥೆ ಅಂತ ಪಕ್ಕಕ್ಕಿಡುವುದು ಕಷ್ಟ, ಅಲ್ವಾ?

ಹುಡುಗಿಯರು ಯಾವಾಗಲೂ ಅಳುತ್ತಲೇ ಇರುತ್ತಾರಾ?

ಖಂಡಿತ ಇಲ್ಲ. ಚೆನ್ನಾಗಿ ಚುಚ್ಚುವವರೂ, ಬಾಗಿಲಿಂದಲೇ ವಾಪಸ್ ಕಳಿಸುವವರೂ ಇದ್ದಾರೆ.

ಲೇಡಿ ನೇರ್ನ್ ಬರೆದ 'ದಿ ಲೇರ್ಡ್ ಓ ಕಾಕ್‌ಪೆನ್' ನನಗೆ ಪ್ರತಿ ಸಲ ನಗು ತರಿಸುತ್ತದೆ. ಜಂಬದ ಲೇರ್ಡ್‌ಗೆ, ಅಂದರೆ ಜಮೀನ್ದಾರನಿಗೆ, ಮನೆ ನೋಡಿಕೊಳ್ಳಲು ಒಬ್ಬ ಹೆಂಡತಿ ಬೇಕು. ಪಕ್ಕದಲ್ಲಿ ಮಿಸ್ಟ್ರೆಸ್ ಜೀನ್ ಇದ್ದಾಳೆ, ಕೈಯಲ್ಲಿ ಕಾಸಿಲ್ಲ, ವಂಶ ಮಾತ್ರ ದೊಡ್ಡದು. ಇವನು ವಿಗ್ಗಿಗೆ ಪುಡಿ ಹಾಕಿ, ನೀಲಿ ಕೋಟು ತೊಟ್ಟು, ಕತ್ತಿ ಸಿಕ್ಕಿಸಿ ಹೊರಡುತ್ತಾನೆ. ಅವಳು ಎಲ್ಡರ್ ಹೂವಿನ ವೈನ್ ಮಾಡುತ್ತಿರುತ್ತಾಳೆ, ಈ ಹೊತ್ತಲ್ಲಿ ಯಾಕಪ್ಪ ಬಂದ ಅಂತ ಗೊಣಗಿ ಏಪ್ರನ್ ಬಿಚ್ಚಿ ಕೆಳಗೆ ಬರುತ್ತಾಳೆ. ಅವನು ವಿಷಯ ಹೇಳುತ್ತಾನೆ. ಅವಳು 'ಇಲ್ಲ' ಅಂದು ಹೋಗುತ್ತಾಳೆ. ಲೇರ್ಡ್ ಬೆಪ್ಪಾಗುತ್ತಾನೆ, ಆದರೆ ನಿಟ್ಟುಸಿರು ಬಿಡುವುದಿಲ್ಲ. ನನ್ನಂಥವನನ್ನು ಬೇಡ ಅಂದಳಲ್ಲ, ಇವಳಿಗೆ ತಲೆ ಕೆಟ್ಟಿರಬೇಕು ಅಂತ ದಾರಿಯುದ್ದಕ್ಕೂ ಅಂದುಕೊಳ್ಳುತ್ತಾ ಮನೆಗೆ ಹೋಗುತ್ತಾನೆ. ಆಮೇಲೆ ಅವಳು ಮನಸ್ಸು ಬದಲಾಯಿಸಿದಳು ಅಂತ ಬೇರೆಯವರು ಎರಡು ಪದ್ಯ ಸೇರಿಸಿದ್ದಾರೆ. ಅವನ್ನು ಓದಬೇಡಿ, ಹಾಡು ಕೆಡುತ್ತದೆ.

ಇವೆಲ್ಲ ಜನಪದ ಗೀತೆಗಳೇ? ಬರೆದವರ ಹೆಸರಿದೆಯಲ್ಲ?

ಕಲಸುಮೇಲೋಗರ. ಬಾಯಿಂದ ಬಾಯಿಗೆ ಬಂದದ್ದು, ಸ್ಕಾಟ್‌ಲೆಂಡಿನ ಹೆಸರಾಂತ ಕವಿ ರಾಬರ್ಟ್ ಬರ್ನ್ಸ್ ಬರೆದದ್ದು, ಪೇಸ್ಲಿಯ ನೇಕಾರ ಕವಿ ಟ್ಯಾನಹಿಲ್ ಬರೆದದ್ದು, ಲಂಡನ್ ನಾಟಕಶಾಲೆಯ ಹಾಡು, ಎಲ್ಲವನ್ನೂ ಅಚ್ಚುಕೂಟದವರು ಯಾರನ್ನೂ ಕೇಳದೆ ತೆಗೆದುಕೊಂಡು ಒಂದೇ ಹಾಳೆಯಲ್ಲಿ ತುಂಬುತ್ತಿದ್ದರು. ಕವಿಯ ಹೆಸರು ಹಾಕುವ ಅಭ್ಯಾಸ ಕಡಿಮೆ. 'ಬಾರ್ಬರಾ ಆ್ಯಲನ್' ತೆಗೆದುಕೊಳ್ಳಿ, ಸಾಮ್ಯುಯೆಲ್ ಪೀಪ್ಸ್ 1666ರ ಜನವರಿ 2ರ ದಿನಚರಿಯಲ್ಲೇ ಲಂಡನ್ನಿನ ಒಬ್ಬ ನಟಿ ಹಾಡಿದ ಪುಟ್ಟ ಸ್ಕಾಚ್ ಹಾಡು ಅಂತ ಅದನ್ನು ಹೆಸರಿಸುತ್ತಾನೆ. ಯಾರು ಕಟ್ಟಿದ್ದು ಅಂತ ಕೇಳಿ ಪ್ರಯೋಜನವಿಲ್ಲ.

ಅಚ್ಚಿನಿಂದ ಹಾಡು ಸಾಯುತ್ತದೆ ಅಂತ ನಂಬಿದವರೂ ಇದ್ದರು. ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೈಡ್ಲಾ, ಹಾಡು ಸಂಗ್ರಹಿಸುತ್ತಿದ್ದ ವಾಲ್ಟರ್ ಸ್ಕಾಟ್‌ಗೆ ಮುಖದ ಮೇಲೆ ಹೇಳಿದ್ದಳು: ಇವು ಹಾಡಲು ಹುಟ್ಟಿದವು, ಓದಲು ಅಲ್ಲ, ನೀನು ಅಚ್ಚು ಹಾಕಿ ಹಾಳು ಮಾಡಿದೆ. ನನ್ನ ಅಭಿಪ್ರಾಯ ಬೇರೆ. ಒಂದು ಪೆನ್ನಿಯ ಹಾಳೆಯಿಂದ ಕಲಿತ ಹಾಡು ಮತ್ತೆ ಬಾಯಿಗೆ ಹೋಗಿದೆ, ಬದಲಾಗಿದೆ, ಉಳಿದಿದೆ.

'ಆಲ್ಡ್ ರಾಬಿನ್ ಗ್ರೇ' ಬರೆದವರು ಯಾರು ಅಂತ ದೊಡ್ಡ ಗುಟ್ಟಿತ್ತಂತೆ?

ಹೌದು, ಐವತ್ತು ವರ್ಷದ ಗುಟ್ಟು. ಬರೆದದ್ದು ಲೇಡಿ ಆ್ಯನ್ ಲಿಂಡ್ಸೆ, ಬಾಲ್ಕಾರೆಸ್ ಅರ್ಲ್‌ನ ಮಗಳು, ಸುಮಾರು 1772ರಲ್ಲಿ. ಹಾಡು ಚಾಪ್‌ಬುಕ್, ಬೀದಿ, ದಿವಾನಖಾನೆ ಎಲ್ಲ ಕಡೆ ಹಬ್ಬಿತು, ಇದು ತುಂಬ ಹಳೇ ಕಾಲದ್ದು ಅಂತ ವಾದ ಮಾಡಿದವರೂ ಇದ್ದರು. ಆಕೆ ಬಾಯಿ ಬಿಟ್ಟದ್ದು 1823ರಲ್ಲಿ, ವಾಲ್ಟರ್ ಸ್ಕಾಟ್‌ಗೆ ಬರೆದ ಕಾಗದದಲ್ಲಿ. ಹೆಸರು ಮನೆಯ ಹಳೇ ದನಗಾಹಿಯದು.

ಕಥೆ ಇಷ್ಟು. ಜೆನ್ನಿಗೆ ಜೇಮಿ ಮೇಲೆ ಪ್ರೀತಿ. ಅವನು ನಾಲ್ಕು ಕಾಸು ಸಂಪಾದಿಸಲು ಹಡಗು ಹತ್ತುತ್ತಾನೆ. ಇತ್ತ ಅಪ್ಪನ ಕೈ ಮುರಿಯುತ್ತದೆ, ಅಮ್ಮ ಹಾಸಿಗೆ ಹಿಡಿಯುತ್ತಾಳೆ, ಹಸು ಕಳುವಾಗುತ್ತದೆ. ಮುದುಕ ರಾಬಿನ್ ಗ್ರೇ ಇಬ್ಬರನ್ನೂ ಸಾಕುತ್ತಾನೆ, ಕಣ್ಣೀರಿಟ್ಟು ನನ್ನನ್ನು ಮದುವೆಯಾಗು ಅನ್ನುತ್ತಾನೆ. ಜೇಮಿಯ ಹಡಗು ಒಡೆದ ಸುದ್ದಿ ಬರುತ್ತದೆ, ಇವಳು ಒಪ್ಪುತ್ತಾಳೆ. ಮದುವೆಯಾಗಿ ನಾಲ್ಕೇ ವಾರ, ಬಾಗಿಲಲ್ಲಿ ಜೇಮಿ. ಯಾರೂ ಕೆಟ್ಟವರಲ್ಲ, ಮುದುಕನೂ ಒಳ್ಳೆಯವನೇ, ಹಾಡಿನ ಸಂಕಟ ಇರುವುದೇ ಅಲ್ಲಿ.

ಬರೆಯುವಾಗಿನ ಪ್ರಸಂಗವನ್ನು ಆಕೆಯೇ ಹೇಳಿಕೊಂಡಿದ್ದಾಳೆ. ನಾಯಕಿಯ ಮೇಲೆ ನಾಲ್ಕು ಕಷ್ಟ ಹೇರಿಯಾಗಿತ್ತು, ಐದನೆಯದು ಬೇಕಿತ್ತು. ಕೋಣೆಯಲ್ಲಿ ಇದ್ದವಳು ಪುಟ್ಟ ತಂಗಿ ಒಬ್ಬಳೇ. ಏನು ಮಾಡಲಿ ಅಂತ ಕೇಳಿದರೆ ಆ ಹುಡುಗಿ ತಟ್ಟನೆ 'ಹಸು ಕದ್ದುಬಿಡು ಅಕ್ಕ' ಅಂದಳಂತೆ. ಹಸು ಹೋಯಿತು!

ಕನ್ನಡದಲ್ಲಿ ಇವು ಬಂದಿವೆಯಾ?

ಬಂದಿವೆ, ನೀವು ಓದಿಯೂ ಇರಬಹುದು, ಸ್ಕಾಟಿಷ್ ಅಂತ ಗೊತ್ತಿಲ್ಲದೆ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ತೆಗೆಯಿರಿ. ಅದರ 'ಮುದಿಯ ರಾಮೇಗೌಡ' ಬೇರೆ ಯಾರೂ ಅಲ್ಲ, ಈ ರಾಬಿನ್ ಗ್ರೇಯೇ. 'ಮಾದ ಮಾದಿ' ಅಂದರೆ ಬರ್ನ್ಸ್ 1792ರಲ್ಲಿ ಬರೆದ 'ಡಂಕನ್ ಗ್ರೇ'. ಕ್ರಿಸ್‌ಮಸ್ ರಾತ್ರಿ ಕುಡಿದ ಅಮಲಲ್ಲಿ ಹೆಣ್ಣು ಕೇಳಲು ಬಂದ ಡಂಕನ್‌ಗೆ ಮೆಗ್ ಮೂತಿ ತಿರುವುತ್ತಾಳೆ. ಅವನು ಅಳುತ್ತಾನೆ, ಜಲಪಾತಕ್ಕೆ ಹಾರುತ್ತೇನೆ ಅನ್ನುತ್ತಾನೆ, ಕೊನೆಗೆ ಈ ಸೊಕ್ಕಿನವಳಿಗಾಗಿ ನಾನ್ಯಾಕೆ ಸಾಯಲಿ ಅಂತ ಸುಮ್ಮನಾಗುತ್ತಾನೆ. ಅವನು ಚೇತರಿಸಿಕೊಂಡ ಕೂಡಲೇ ಅವಳಿಗೆ ಜ್ವರ! ಇವನಿಗೆ ಕನಿಕರ ಹುಟ್ಟಿ ಮದುವೆಯಾಗುತ್ತದೆ. ರಾಬಿನ್ನನ್ನು ಗೌಡನನ್ನಾಗಿ, ಡಂಕನ್ನನನ್ನು ಮಾದನನ್ನಾಗಿ ಮಾಡುವಾಗ ಶ್ರೀಯವರಿಗೆ ಕಷ್ಟವಾದಂತೆ ಕಾಣುವುದಿಲ್ಲ. ಹಸು, ಹಟ್ಟಿ, ಮನೆಯವರ ಒತ್ತಾಯ ಎರಡೂ ಕಡೆ ಇದ್ದದ್ದೇ.

ಚರ್ಚಿನವರು ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರಾ?

ಎಲ್ಲಿ ಬಂತು! ಮದುವೆಗೆ ಮುಂಚೆ ಸಂಬಂಧ ಬೆಳೆಸಿದವರನ್ನು ಕರ್ಕ್ ಸೆಷನ್ ಎಂಬ ಚರ್ಚಿನ ಪಂಚಾಯಿತಿ ಕರೆಸಿ, ದಂಡ ಹಾಕಿ, ಭಾನುವಾರ ಎಲ್ಲರೆದುರು ನಿಲ್ಲಿಸುತ್ತಿತ್ತು. ಅದಕ್ಕೆಂದೇ ಪಶ್ಚಾತ್ತಾಪದ ಪೀಠ ಇರುತ್ತಿತ್ತು. ಬರ್ನ್ಸ್ ಕೂಡ ಜೀನ್ ಆರ್ಮರ್ ವಿಷಯದಲ್ಲಿ 1786ರಲ್ಲಿ ಮಾಕ್ಲಿನ್ ಚರ್ಚಿನಲ್ಲಿ ಮೂರು ಭಾನುವಾರ ತಲೆ ತಗ್ಗಿಸಬೇಕಾಯಿತು. ಎಷ್ಟೋ ಪೋಲಿ ಹಾಡುಗಳ ಮಜಾ ಇರುವುದೇ ಈ ಹೆದರಿಕೆಯಲ್ಲಿ.

ಚಿತ್ರಕ್ಕೂ ಹಾಡಿಗೂ ಸಂಬಂಧವೇ ಇಲ್ಲವಲ್ಲ?

ಇಲ್ಲ. ಅಚ್ಚುಕೂಟದಲ್ಲಿ ಇದ್ದ ಮರದಚ್ಚುಗಳೇ ಕೆಲವು, ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದರು. ವಿರಹದ ಹಾಡಿನ ಮೇಲೆ ಹಡಗು, ನಾವಿಕನ ಹಾಡಿನ ಮೇಲೆ ಕುರಿ.

ರಾಗ ಹೇಗೆ ತಿಳಿಯುತ್ತದೆ? ವರ್ಷ?

ಸ್ವರಲಿಪಿ ಇರುವುದಿಲ್ಲ. ಕೆಲವೊಮ್ಮೆ 'ಇಂಥ ಮಟ್ಟು' ಅಂತ ಒಂದು ಸಾಲು. ಉಳಿದದ್ದು ಕೊಳ್ಳುವವರಿಗೆ ಗೊತ್ತಿರುತ್ತಿತ್ತು. ವರ್ಷ, ಮುದ್ರಕರ ಹೆಸರು ಕೂಡ ಎಷ್ಟೋ ಸಲ ಇಲ್ಲ, ಆಗ ಕಾಗದ, ಅಚ್ಚುಮೊಳೆ, ಚಿತ್ರ ನೋಡಿ ಅಂದಾಜು ಮಾಡುತ್ತಾರೆ. ಇಂಗ್ಲಿಷಿನ ಎಸ್ ಅಕ್ಷರ ಎಫ್‌ನಂತೆ ಉದ್ದವಾಗಿದ್ದರೆ ಸಾಮಾನ್ಯವಾಗಿ 1800ರ ಆಸುಪಾಸಿಗಿಂತ ಹಿಂದಿನದು.

ಇಷ್ಟು ಅಗ್ಗದ ಕಾಗದ ಉಳಿದದ್ದು ಹೇಗೆ?

ಬಹುಪಾಲು ಉಳಿಯಲಿಲ್ಲ. ಓದಿ ಹರಿದವು, ಒಲೆಗೆ ಹೋದವು. ಉಳಿದದ್ದು ಕೆಲವು ಹುಚ್ಚರಿಂದ. ವಾಲ್ಟರ್ ಸ್ಕಾಟ್ ಹುಡುಗನಾಗಿದ್ದಾಗಲೇ ಚಾಪ್‌ಮನ್‌ಗಳ ಬುಟ್ಟಿಯಿಂದ ಕೊಂಡು ಕೂಡಿಟ್ಟ, ಆಮೇಲೆ ಆರು ಸಂಪುಟ ಮಾಡಿ ಬೈಂಡ್ ಮಾಡಿಸಿದ. ಬೈಂಡ್ ಆಗುವ ಮುಂಚೆ ಮನೆಯ ಆಳುಗಳು ಅದನ್ನು ಎತ್ತಿಕೊಂಡು ಹೋಗುತ್ತಿದ್ದರು, ಅವರ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟವಾಗಿತ್ತು ಅಂತ 1810ರಲ್ಲಿ ಬರೆದಿಟ್ಟಿದ್ದಾನೆ. ನಿಜವಾದ ಓದುಗರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಯಾಕೆ ನಿಂತುಹೋದವು?

ಪೈಪೋಟಿ. 1832ರಲ್ಲಿ ಚೇಂಬರ್ಸ್ ಸಹೋದರರ ಅಗ್ಗದ ವಾರಪತ್ರಿಕೆ ಬಂತು. 1855ರಲ್ಲಿ ಪತ್ರಿಕೆಗಳ ಮೇಲಿನ ಸ್ಟಾಂಪ್ ತೆರಿಗೆ ಹೋಯಿತು, 1861ರಲ್ಲಿ ಕಾಗದದ ಸುಂಕವೂ ಹೋಯಿತು. ಅದೇ ಒಂದು ಪೆನ್ನಿಗೆ ಪತ್ರಿಕೆ ಸಿಗುವಾಗ, ರೈಲು ಅದನ್ನು ಊರೂರಿಗೆ ತರುವಾಗ, ಬುಟ್ಟಿ ಹೊತ್ತವನ ಹತ್ತಿರ ಯಾರು ಹೋಗುತ್ತಾರೆ?

ಈಗ ಎಲ್ಲಿ ಓದಬಹುದು, ಕೇಳಬಹುದು?

ಎಡಿನ್‌ಬರೋದಲ್ಲಿರುವ ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 3000ಕ್ಕೂ ಹೆಚ್ಚು ಚಾಪ್‌ಬುಕ್‌ಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತ ಅಲ್ಲಿನ ಸಿಬ್ಬಂದಿ ಇವನ್ನೇ ವಿಕಿಸೋರ್ಸ್‌ಗೆ ಹಾಕಿ, ಅಕ್ಷರ ತಪ್ಪು ತಿದ್ದಿದರು. ಹಾಗಾಗಿ ಪದ ಹಾಕಿ ಹುಡುಕಬಹುದು. ಹಾಡಿದ್ದನ್ನು ಕೇಳಬೇಕಾದರೆ 'ಟೋಬರ್ ಆನ್ ಡುವಾಲ್ಕಸ್' ಎಂಬ ಧ್ವನಿ ಸಂಗ್ರಹದ ತಾಣ ಇದೆ. ಹಳ್ಳಿಗಳಲ್ಲಿ ಧ್ವನಿಮುದ್ರಿಸಿದ ಹಾಡುಗಳು ಅಲ್ಲಿ ಸಿಗುತ್ತವೆ.

ಸ್ಕಾಟ್ಸ್ ಪದಗಳಿಗೆ ಸ್ಕಾಟ್ಸ್ ಭಾಷೆಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತ. ಆದರೂ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಗಟ್ಟಿಯಾಗಿ ಓದಿ, ಅರ್ಧ ತಾನಾಗಿಯೇ ತಿಳಿಯುತ್ತದೆ. ಮೊದಲು ಶ್ರೀಯವರ 'ಮಾದ ಮಾದಿ' ಓದಿಕೊಂಡು ಆಮೇಲೆ 'ಡಂಕನ್ ಗ್ರೇ'ಗೆ ಹೋಗಿ. 'ಆಂಡ್ರೂ ಲ್ಯಾಮಿ' ಉದ್ದ ಇದೆ, ಅದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ.